ಅಟ್ಟದಿಂದ ಇಳಿದ ಯುಫೋನಿಯಂ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಾತ ಮೈಸೂರಿನಲ್ಲಿ ಮದುವೆ, ಉತ್ಸವಗಳಿಗೆ ಹೋಗುತ್ತಿದ್ದ ಬ್ಯಾಂಡ್‌ಸೆಟ್ಟಿನಲ್ಲಿ ಯುಫೋನಿಯಂ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟ ಸೇರಿದ್ದ ಆ ವಾದ್ಯವನ್ನು ಈಚೆಗೆ ಕೆಳಗಿಳಿಸಿದೆವು. ಅದರ ಅಗಲ ಬಾಯಿಯ ಹೊರಮೈಯಲ್ಲಿ ‘ಬೂಸಿ ಅಂಡ್ ಕೋ., ಮೇಕರ್ಸ್, 295 ರೀಜೆಂಟ್ ಸ್ಟ್ರೀಟ್, ಲಂಡನ್’ ಎಂದೂ ಅದರ ಕೆಳಗೆ ‘ಪೇಟೆಂಟ್ ಕಾಂಪೆನ್ಸೇಟಿಂಗ್ ಪಿಸ್ಟನ್ಸ್’ ಎಂದೂ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಪಿಸ್ಟನ್ನುಗಳು ಮೂರಿವೆ. ಒಂದು ಸಂಖ್ಯೆಯೂ ಇದೆ, ಅರ್ಧ ಸವೆದಿದೆ. ಎಡಗೈ ಹಿಡಿಯುವ ಕಡೆ ಯಾರೋ ಬೇರೆ ಬಣ್ಣದ ತಗಡಿನ ತೇಪೆ ಹಾಕಿ ಬೆಸೆದಿದ್ದಾರೆ. ಇದು ಅರಮನೆಯ ಬ್ಯಾಂಡಿನಿಂದ ಬಂದದ್ದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಇದು ಎಷ್ಟು ಹಳೆಯದು? ಇದನ್ನು ಹೇಗೆ ಮಾಡುತ್ತಿದ್ದರು? ಪೂರ್ತಿ ಕಪ್ಪಾಗಿರುವ ಹಿತ್ತಾಳೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಬಹುದೇ?
– ಹೆಸರು ಬೇಡ ಎಂದಿರುವ ಓದುಗರು, ಮೈಸೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಈ ಸಂಚಿಕೆ ಕೈಸೇರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಹುಣಸೆಹಣ್ಣು ನೆನೆಹಾಕಿರಬಹುದು. ದಯವಿಟ್ಟು ಉಜ್ಜಬೇಡಿ. ದೇವರ ಮನೆಯ ದೀಪಕ್ಕೆ ಹುಣಸೆಹಣ್ಣು ಸರಿ. ಅದರ ತಗಡು ದಪ್ಪ, ಮೇಲೆ ಓದಬೇಕಾದ ಅಕ್ಷರಗಳೂ ಇರುವುದಿಲ್ಲ. ಬ್ಯಾಂಡ್ ವಾದ್ಯದ ತಗಡು ತೀರ ತೆಳು. ಹುಳಿ ಹಾಕಿ ತಿಕ್ಕಿದಷ್ಟೂ ಹಿತ್ತಾಳೆಯ ಮೇಲ್ಪದರ ಕರಗಿಹೋಗುತ್ತದೆ, ಅದರೊಂದಿಗೆ ಕೆತ್ತನೆಯೂ ಸವೆಯುತ್ತದೆ. ಆಗಲೇ ಅರ್ಧ ಅಳಿಸಿರುವ ಆ ಸಂಖ್ಯೆಯೇ ನಿಮ್ಮ ವಾದ್ಯದ ಜನ್ಮಪತ್ರಿಕೆ ಎಂದು ತಿಳಿಯಿರಿ. ಮೊದಲು ಬೆಳಕನ್ನು ಓರೆಯಾಗಿ ಬೀಳಿಸಿ ಆ ಸಂಖ್ಯೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಆಮೇಲೆ ಉಗುರುಬೆಚ್ಚಗಿನ ನೀರು, ತುಸು ಸಾಬೂನು, ಮೆತ್ತನೆಯ ಹತ್ತಿಬಟ್ಟೆ, ಇಷ್ಟೇ ಸಾಕು. ಕಪ್ಪು ಬಣ್ಣದಿಂದ ವಾದ್ಯಕ್ಕೆ ಯಾವ ಕೇಡೂ ಇಲ್ಲ.

ಇನ್ನು ಕಾಲದ ವಿಷಯ. ಬೂಸಿ ಕಂಪನಿಯು 1874ರಲ್ಲಿ ಲಂಡನ್ನಿನ ಹೋಲ್ಸ್ ಸ್ಟ್ರೀಟ್ ಬಿಟ್ಟು ರೀಜೆಂಟ್ ಸ್ಟ್ರೀಟಿನ 295ನೇ ಸಂಖ್ಯೆಯ ಕಟ್ಟಡಕ್ಕೆ ಬಂತು. 1930ರಲ್ಲಿ ಅದು ತನ್ನ ಎದುರಾಳಿಯಾಗಿದ್ದ ಹಾಕ್ಸ್ ಅಂಡ್ ಸನ್ ಜೊತೆ ಒಂದಾಗಿ ‘ಬೂಸಿ ಅಂಡ್ ಹಾಕ್ಸ್’ ಆಯಿತು. ನಿಮ್ಮ ವಾದ್ಯದ ಮೇಲೆ ಹಾಕ್ಸ್ ಹೆಸರಿಲ್ಲ, ರೀಜೆಂಟ್ ಸ್ಟ್ರೀಟಿನ ವಿಳಾಸವಿದೆ. ಆದ್ದರಿಂದ ಅದು ಈ ಎರಡು ವರ್ಷಗಳ ನಡುವಿನದು. ‘ಪೇಟೆಂಟ್’ ಎಂಬ ಪದವನ್ನು ಹಿಡಿದು ಇನ್ನಷ್ಟು ಹಿಂದಕ್ಕೆ ಹೋಗುವ ಆಸೆ ಹಲವರಿಗೆ ಬರುತ್ತದೆ. ಬ್ರಿಟನ್ನಿನಲ್ಲಿ ಆಗ ಪೇಟೆಂಟಿನ ಅವಧಿ 14 ವರ್ಷವಾಗಿದ್ದರೂ ಅವಧಿ ಮುಗಿದ ಎಷ್ಟೋ ಕಾಲದವರೆಗೆ ಆ ಪದವನ್ನು ಕೆತ್ತುವುದು ಮಾತ್ರ ನಿಲ್ಲಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದು ಒಳ್ಳೆಯ ಮಾಲು ಎಂಬುದರ ಗುರುತಾಗಿಬಿಟ್ಟಿತ್ತು. ಹಾಗಾಗಿ ಆ ಪದವನ್ನು ಸಾಕ್ಷಿಯಾಗಿ ಒಪ್ಪಲಾಗದು. ಸಂಖ್ಯೆ ಹಾಗಲ್ಲ. ಬೂಸಿ ಕಾರ್ಖಾನೆಯಲ್ಲಿ ವಾದ್ಯಗಳನ್ನು ಸಂಖ್ಯೆಯ ಪ್ರಕಾರ ದಾಖಲಿಸುತ್ತಿದ್ದ ಲೆಕ್ಕದ ಪುಸ್ತಕಗಳು ಉಳಿದುಬಂದಿವೆ. ಕಂಪನಿಯ ಹಳೆಯ ವಾದ್ಯಗಳ ಸಂಗ್ರಹದ ಜೊತೆಗೆ ಅವು 2004ರಲ್ಲಿ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ ಸೇರಿದವು. ಸಂಖ್ಯೆಯ ಅಂಕಿಗಳೆಲ್ಲ ಸ್ಪಷ್ಟವಾದರೆ ಚಿತ್ರದೊಂದಿಗೆ ಅಲ್ಲಿಗೆ ಬರೆದು ವಿಚಾರಿಸಿ.

ವಾದ್ಯದ ವಂಶಾವಳಿಯನ್ನು ಹೇಳಬೇಕಾದರೆ ಲಂಡನ್ ಬಿಟ್ಟು ಪ್ಯಾರಿಸ್ಸಿಗೆ ಹೋಗಬೇಕು. ಅದಕ್ಕೂ ಮೊದಲು, 1818ರಲ್ಲಿ, ಹೈನ್ರಿಕ್ ಸ್ಟೋಲ್ಜೆಲ್ ಮತ್ತು ಫ್ರೀಡ್ರಿಕ್ ಬ್ಲೂಮೆಲ್ ಎಂಬ ಇಬ್ಬರು ವಾದಕರು ತುತ್ತೂರಿಗೆ ವಾಲ್ವ್ ಅಳವಡಿಸುವ ಉಪಾಯಕ್ಕೆ ಪ್ರಷ್ಯದಲ್ಲಿ ಪೇಟೆಂಟ್ ಪಡೆದಿದ್ದರು. ಅಲ್ಲಿಯವರೆಗೆ ಕಹಳೆಯಂಥ ವಾದ್ಯಗಳಲ್ಲಿ ತುಟಿಯ ಬಿಗಿಯಿಂದ ಹುಟ್ಟುವ ಕೆಲವೇ ಸ್ವರಗಳು ಸಿಗುತ್ತಿದ್ದವು. ವಾಲ್ವ್ ಒತ್ತಿದಾಗ ಗಾಳಿಯು ಇನ್ನೊಂದು ಸುರುಳಿಯನ್ನು ಸುತ್ತಿ ಬರುವಂತಾದ ಮೇಲೆ ನಡುವಿನ ಸ್ವರಗಳೂ ದಕ್ಕಿದವು. ನಿಮ್ಮ ವಾದ್ಯದಲ್ಲಿರುವ ಬಗೆಯ ಪಿಸ್ಟನ್ ವಾಲ್ವಿಗೆ ರೂಪ ಕೊಟ್ಟವನು ಪ್ಯಾರಿಸ್ಸಿನ ಫ್ರಾಂಸ್ವಾ ಪೆರಿನೆ. ಅದು 1830ರ ದಶಕದ ಕೊನೆಯ ಮಾತು. ಬೆಲ್ಜಿಯಂನಿಂದ ಪ್ಯಾರಿಸ್ಸಿಗೆ ಬಂದು ನೆಲೆಸಿದ ಅಡಾಲ್ಫ್ ಸ್ಯಾಕ್ಸ್, ಚಿಕ್ಕದರಿಂದ ದೊಡ್ಡದರವರೆಗೆ ಒಂದೇ ಆಕಾರದ ವಾಲ್ವ್ ವಾದ್ಯಗಳ ಒಂದು ಕುಟುಂಬವನ್ನೇ ಕಟ್ಟಿ 1845ರಲ್ಲಿ ಪೇಟೆಂಟ್ ಪಡೆದ. ಸ್ಯಾಕ್ಸ್‌ಹಾರ್ನ್ ಎಂದು ಹೆಸರಾದ ಆ ಕುಟುಂಬಕ್ಕೆ ಯುಫೋನಿಯಂ ತೀರ ಹತ್ತಿರದ ಬಂಧು. ಇದನ್ನು ಸ್ಯಾಕ್ಸ್ ಒಬ್ಬನೇ ಕಂಡುಹಿಡಿದನೆಂದು ಪ್ಯಾರಿಸ್ಸಿನ ಇತರ ತಯಾರಕರು ಒಪ್ಪಲಿಲ್ಲ. ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದು, ಒಂದಕ್ಕಿಂತ ಹೆಚ್ಚು ಸಲ ದಿವಾಳಿಯಾಗಿ, ಅವನು 1894ರಲ್ಲಿ ತೀರಿಕೊಂಡ.

ಈ ನಡುವೆ 1844ರಲ್ಲಿ ಜಾನ್ ಡಿಸ್ಟಿನ್ ಎಂಬ ಇಂಗ್ಲಿಷ್ ವಾದಕ ತನ್ನ ಮಕ್ಕಳೊಂದಿಗೆ ಪ್ಯಾರಿಸ್ಸಿಗೆ ಹೋದಾಗ ಸ್ಯಾಕ್ಸ್‌ನ ವಾದ್ಯಗಳನ್ನು ಕೇಳಿ ಮನಸೋತ. ಮಗ ಹೆನ್ರಿ ಡಿಸ್ಟಿನ್ ಲಂಡನ್ನಿನಲ್ಲಿ ಸ್ಯಾಕ್ಸ್‌ನ ವಾದ್ಯಗಳ ಮಾರಾಟಗಾರನಾಗಿ, ಮುಂದೆ ತಾನೇ ತಯಾರಕನಾದ. 1868ರಲ್ಲಿ ಅವನು ಆ ಉದ್ಯಮವನ್ನು ಬೂಸಿ ಕಂಪನಿಗೆ ಮಾರಿದ. ಬೂಸಿಯವರು ಸಂಗೀತ ಪುಸ್ತಕಗಳ ಪ್ರಕಾಶಕರೂ ಕೊಳಲಿನಂಥ ವಾದ್ಯಗಳ ತಯಾರಕರೂ ಆಗಿದ್ದರು. ಹಿತ್ತಾಳೆಯ ದೊಡ್ಡ ಕೆಲಸ ಅವರ ಕೈಗೆ ಬಂದದ್ದು ಹೀಗೆ.

ಈಗ ‘ಕಾಂಪೆನ್ಸೇಟಿಂಗ್’, ಅಂದರೆ ಕೊರತೆಯನ್ನು ತುಂಬಿಕೊಡುವ, ಎಂಬ ಪದದ ವಿಚಾರ. ನಿಮ್ಮ ವಾದ್ಯದ ನಿಜವಾದ ಹೆಚ್ಚುಗಾರಿಕೆ ಇದರಲ್ಲಿರುವುದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ. ಯುಫೋನಿಯಂ ಕೊಳವೆಯ ಉದ್ದ ಲೆಕ್ಕಕ್ಕೆ ಒಂಬತ್ತು ಅಡಿ, ಅಂದರೆ ಸುಮಾರು 274 ಸೆಂಟಿಮೀಟರ್. ಮೊದಲ ಪಿಸ್ಟನ್ ಒತ್ತಿದರೆ ಸ್ವರ ಎರಡು ಅರ್ಧಸ್ವರದಷ್ಟು ಇಳಿಯಬೇಕು (ಹಾರ್ಮೋನಿಯಮ್ಮಿನ ಒಂದು ಮನೆಗೂ ಅದರ ಪಕ್ಕದ ಮನೆಗೂ ಇರುವ ಅಂತರವೇ ಅರ್ಧಸ್ವರ). ಅದಕ್ಕೆ ಸುಮಾರು 33.6 ಸೆಂಟಿಮೀಟರ್ ಹೆಚ್ಚಿನ ಕೊಳವೆ ಬೇಕು. ಮೂರನೆಯದನ್ನು ಒತ್ತಿದರೆ ಮೂರು ಅರ್ಧಸ್ವರ; ಅದಕ್ಕೆ ಸುಮಾರು 51.8 ಸೆಂಟಿಮೀಟರ್. ಎರಡನ್ನೂ ಒಟ್ಟಿಗೆ ಒತ್ತಿದರೆ ಐದು ಅರ್ಧಸ್ವರ ಇಳಿಯಬೇಕಲ್ಲವೇ? ಅದಕ್ಕೆ ಬೇಕಾಗುವುದು ಸುಮಾರು 91.7 ಸೆಂಟಿಮೀಟರ್. ಆದರೆ ಎರಡು ಸುರುಳಿಗಳನ್ನು ಕೂಡಿಸಿದರೆ ಸಿಗುವುದು 85.4 ಮಾತ್ರ. ಆರು ಸೆಂಟಿಮೀಟರಿಗೂ ಹೆಚ್ಚಿನ ಕೊರತೆ! ಕೊಳವೆ ಗಿಡ್ಡವಾದರೆ ಸ್ವರ ಮೇಲೇರುತ್ತದೆ. ಮೂರೂ ಪಿಸ್ಟನ್ ಒತ್ತಿದಾಗಲಂತೂ ಕೊರತೆ ಹನ್ನೊಂದು ಸೆಂಟಿಮೀಟರ್ ದಾಟುತ್ತದೆ. ಕಾರಣ ಸರಳ: ಒಂದು ಪಿಸ್ಟನ್ ಒತ್ತಿದೊಡನೆ ವಾದ್ಯವೇ ಉದ್ದವಾಗಿಬಿಡುತ್ತದೆ, ಉದ್ದವಾದ ವಾದ್ಯದಲ್ಲಿ ಅಷ್ಟೇ ಸ್ವರ ಇಳಿಸಲು ಇನ್ನೂ ಉದ್ದದ ಸುರುಳಿ ಬೇಕಾಗುತ್ತದೆ.

ತುಟಿಯಿಂದ ಬಗ್ಗಿಸಿ ಈ ದೋಷವನ್ನು ಮುಚ್ಚಿಡುವುದು ವಾದಕರ ಪಾಡಾಗಿತ್ತು. ಬೂಸಿ ಕಾರ್ಖಾನೆಯ ಮೇಲ್ವಿಚಾರಕನಾಗಿದ್ದ ಡೇವಿಡ್ ಜೇಮ್ಸ್ ಬ್ಲೇಕ್ಲಿ (1846–1936) ಇದಕ್ಕೆ ಕಂಡುಕೊಂಡ ಪರಿಹಾರಕ್ಕೆ 1874ರಲ್ಲಿ ಪೇಟೆಂಟ್ ಸಿಕ್ಕಿತು. ಮೂರನೆಯ ಪಿಸ್ಟನ್ ಒತ್ತಿದಾಗ ಗಾಳಿ ಅದರ ಸುರುಳಿಯನ್ನು ಸುತ್ತಿ ನೇರ ಬಾಯಿಯ ಕಡೆಗೆ ಹೋಗದೆ, ಹಿಂದಿರುಗಿ ಒಂದನೆಯ ಮತ್ತು ಎರಡನೆಯ ಪಿಸ್ಟನ್ನುಗಳ ಮೂಲಕ ಇನ್ನೊಮ್ಮೆ ಹಾದುಹೋಗುವಂತೆ ಅವನು ದಾರಿ ಮಾಡಿದ. ಆ ಹೊತ್ತಿಗೆ ಅವುಗಳಲ್ಲಿ ಯಾವುದನ್ನಾದರೂ ಒತ್ತಿದ್ದರೆ ಅಲ್ಲಿ ಕಾದಿರುವ ಪುಟ್ಟ ಸುರುಳಿಯೊಂದು ಸೇರಿಕೊಂಡು, ಕೊರತೆ ಬಿದ್ದಷ್ಟೇ ಉದ್ದವನ್ನು ತುಂಬಿಕೊಡುತ್ತದೆ. ಒತ್ತದಿದ್ದರೆ ಅದು ಸೇರುವುದಿಲ್ಲ. ವಾದಕ ಬೇರೇನೂ ಮಾಡಬೇಕಾಗಿಲ್ಲ. ಬೆರಳು ಎಂದಿನಂತೆ ಆಡಿದರೆ ಸಾಕು. ಇದನ್ನು ನೀವು ಮನೆಯಲ್ಲೇ ನೋಡಬಹುದು. ವಾದ್ಯವನ್ನು ತಿರುಗಿಸಿ ಹಿಂಬದಿಯನ್ನು ನೋಡಿ: ಎದುರು ಕಾಣುವ ದೊಡ್ಡ ಸುರುಳಿಗಳಲ್ಲದೆ ಒಂದನೆಯ, ಎರಡನೆಯ ಪಿಸ್ಟನ್ನುಗಳ ಬೆನ್ನಿಗೆ ಅಂಟಿಕೊಂಡಂತೆ ಪುಟ್ಟ ಬಾಗು ಕೊಳವೆಗಳಿರುತ್ತವೆ. ಬೆರಳಷ್ಟು ಉದ್ದದ ಆ ಕೊಳವೆಗಳಿಗಾಗಿಯೇ ಬ್ಲೇಕ್ಲಿಯ ಹೆಸರು ಉಳಿದಿದೆ. ಇಂದು ಕಾಂಪೆನ್ಸೇಟಿಂಗ್ ಎಂದು ಮಾರಾಟವಾಗುವ ದುಬಾರಿ ಯುಫೋನಿಯಂಗಳಲ್ಲಿ ಇರುವುದೂ ಇದೇ ತತ್ವ.

ತಯಾರಿಕೆಯ ಬಗ್ಗೆ ಕೇಳಿದ್ದೀರಿ. ಅಗಲ ಬಾಯಿಯ ಒಳಗೆ ಟಾರ್ಚ್ ಬಿಟ್ಟು ನಿಧಾನವಾಗಿ ನೋಡಿದರೆ ಕೊಳವೆಯುದ್ದಕ್ಕೂ ಇಳಿದುಹೋಗುವ, ತುಸು ಬೇರೆ ಬಣ್ಣದ, ಕೂದಲೆಳೆಯಂಥ ಗೆರೆಯೊಂದು ಕಂಡೀತು. ಅದು ಬೆಸುಗೆಯ ಗೆರೆ. ಹಿತ್ತಾಳೆ ಎಂದರೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು ಸೇರಿದ ತಗಡು. ಅದನ್ನು ಅಳತೆಗೆ ಕತ್ತರಿಸಿ, ಒಂದು ಅಂಚಿನಲ್ಲಿ ಹಲ್ಲುಗಳಂತೆ ಕಚ್ಚು ಮಾಡಿ, ಸುತ್ತಿ, ಇನ್ನೊಂದು ಅಂಚನ್ನು ಅದರೊಳಗೆ ಸೇರಿಸಿ, ಬಿಳಿಗಾರದ ಪುಡಿ ಹಾಗೂ ಬೆಸುಗೆಯ ಲೋಹ ಹಾಕಿ ಬೆಂಕಿಯಲ್ಲಿ ಬೆಸೆಯುತ್ತಿದ್ದರು. ಬಳಿಕ ಬಾಯಿಯ ಆಕಾರದ್ದೇ ಆದ ಉಕ್ಕಿನ ಅಚ್ಚಿನ ಮೇಲೆ ಅದನ್ನು ಕೂರಿಸಿ ಸುತ್ತಿಗೆಯಿಂದ ಬಡಿದು ಬಡಿದು ಹರವುತ್ತಿದ್ದರು. ಬಡಿದಂತೆಲ್ಲ ಹಿತ್ತಾಳೆ ಗಡುಸಾಗುತ್ತದೆ. ಹಾಗೇ ಬಿಟ್ಟರೆ ಬಿರಿಯುತ್ತದೆ. ಆದ್ದರಿಂದ ನಡುನಡುವೆ ಕೆಂಪಗೆ ಕಾಯಿಸಿ ಮತ್ತೆ ಮೆತ್ತಗೆ ಮಾಡಿಕೊಳ್ಳಬೇಕು. ಎಷ್ಟು ಕಾಯಿಸಿದರೆ ಹದ ಎಂಬುದನ್ನು ಕೆಲಸಗಾರ ಲೋಹದ ಬಣ್ಣ ನೋಡಿಯೇ ತಿಳಿಯುತ್ತಿದ್ದ; ನಮ್ಮ ಕಂಚುಗಾರರೂ ಹಾಗೆಯೇ ತಿಳಿಯುತ್ತಾರೆ. ಕೊನೆಗೆ ಅಂಚಿನೊಳಗೆ ತಂತಿಯೊಂದನ್ನು ಇಟ್ಟು ತಗಡನ್ನು ಅದರ ಮೇಲೆ ಮಡಿಸುತ್ತಿದ್ದರು. ಬಾಯಿಯ ಅಂಚು ಕೈಗೆ ದುಂಡಗೆ ಸಿಗುವುದು ಈ ಕಾರಣಕ್ಕೆ.

ಕೊಳವೆಯನ್ನು ಬಗ್ಗಿಸುವುದು ಇನ್ನೂ ಸೂಕ್ಷ್ಮದ ಕೆಲಸ. ಟೊಳ್ಳು ಕೊಳವೆಯನ್ನು ಹಾಗೇ ಬಗ್ಗಿಸಿದರೆ ಒಳಮೈ ಸುಕ್ಕಾಗಿ ಚಪ್ಪಟೆಯಾಗುತ್ತದೆ. ಅದಕ್ಕಾಗಿ ಒಳಗೆ ಕರಗಿದ ಸೀಸವನ್ನೋ ರಾಳವನ್ನೋ ಹುಯ್ದು, ಅದು ಗಟ್ಟಿಯಾದ ಮೇಲೆ ಬಗ್ಗಿಸಿ, ಮೂಡಿದ ಸುಕ್ಕುಗಳನ್ನು ಸುತ್ತಿಗೆಯಿಂದ ತಟ್ಟಿ ಅಡಗಿಸಿ, ಮತ್ತೆ ಕಾಯಿಸಿ ಒಳಗಿನದನ್ನು ಹೊರಗೆ ಸುರಿಯುತ್ತಿದ್ದರು. ಪಿಸ್ಟನ್ನುಗಳ ಕೆಲಸವಂತೂ ಅಕ್ಕಸಾಲಿಯ ಕೆಲಸಕ್ಕೆ ಸಮ: ಸರಾಗವಾಗಿ ಜಾರಬೇಕು, ಆದರೆ ಗಾಳಿ ಸೋರಬಾರದು. ನಿಮ್ಮ ವಾದ್ಯದ ಪಿಸ್ಟನ್ನಿನಲ್ಲಿ ಸಾಮಾನ್ಯ ಪಿಸ್ಟನ್ನಿಗಿಂತ ಹೆಚ್ಚು ದಾರಿಗಳನ್ನು ಕೊರೆದು ಕೂರಿಸಬೇಕಾಗಿತ್ತು ಎಂಬುದನ್ನು ನೆನೆದರೆ ಆ ಕೈಗಳ ಬಗ್ಗೆ ಗೌರವ ಬರುತ್ತದೆ.

ಅರಮನೆಯ ಮಾತು. ಮೈಸೂರು ಅರಮನೆಗೆ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎರಡೂ ಇದ್ದವು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿ ಆಟೊ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರಿದ್ದರು. ಆದ್ದರಿಂದ ನಿಮ್ಮ ಅಜ್ಜಿಯ ಮಾತು ಅಸಂಭವವಲ್ಲ. ಆದರೆ ಬೆಂಗಳೂರು ದಂಡಿನ ಪಲ್ಟನ್ನುಗಳಿಗೂ ತಮ್ಮ ಬ್ಯಾಂಡುಗಳಿದ್ದವು. ವಾದ್ಯದ ಮೇಲೆ ಕಂಪನಿಯ ಕೆತ್ತನೆಯಲ್ಲದೆ ಒಡೆತನದ ಮುದ್ರೆ, ಲಾಂಛನ, ಪಲ್ಟನ್ನಿನ ಅಕ್ಷರಗಳು, ಏನಾದರೂ ಇವೆಯೇ ಎಂದು ಹುಡುಕಿ. ಸಿಗದಿದ್ದರೆ ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತೆಂದೇ ಬರೆದಿಡಿ.

ಆ ತೇಪೆಯನ್ನು ಮಾತ್ರ ತೆಗೆಸಬೇಡಿ. ಎಡಗೈ ಹಿಡಿಯುವ ಜಾಗದಲ್ಲಿ ಬೆವರಿನ ಉಪ್ಪು, ಹುಳಿಗಳು ದಶಕಗಳ ಕಾಲ ತಾಗಿ ತಗಡು ಸವೆಯುತ್ತದೆ. ಬೇರೆ ಬಣ್ಣದ ತಗಡು ಎಂದಿದ್ದೀರಿ. ಬೆಳ್ಳಿಯ ಬಣ್ಣದ್ದಾಗಿದ್ದರೆ ಅದು ಜರ್ಮನ್ ಸಿಲ್ವರ್ ಇರಬಹುದು, ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ಸತು, ನಿಕಲ್‌ಗಳ ಮಿಶ್ರಣ. ಲಂಡನ್ನಿನ ಕೆಲಸಗಾರ ಆರಂಭಿಸಿದ ಕೆಲಸವನ್ನು ನಮ್ಮೂರಿನ ಯಾವನೋ ಬೆಸುಗೆಯವನು ಮುಂದುವರಿಸಿದ್ದಾನೆ. ನಿಮ್ಮ ತಾತನ ಎಡಗೈ ಎಲ್ಲಿತ್ತೆಂದು ಆ ತೇಪೆ ತೋರಿಸುತ್ತಿದೆ. ವಾದ್ಯದ ತಯಾರಿಕೆಯ ಇತಿಹಾಸ ಕಾರ್ಖಾನೆಯ ಬಾಗಿಲಲ್ಲೇ ಮುಗಿಯಿತು ಎಂದು ನಾನು ನಂಬುವುದಿಲ್ಲ.

ಇನ್ನೊಂದು ಎಚ್ಚರಿಕೆ. ಈ ವಾದ್ಯವನ್ನು ಕೊಟ್ಟಿಗೆಯ ಬಳಿಯಾಗಲಿ ಗೊಬ್ಬರ ಇರುವ ಕೋಣೆಯಲ್ಲಾಗಲಿ ಇಡಬೇಡಿ. ಬ್ರಿಟಿಷರ ಕಾಲದಲ್ಲಿ ಇದೇ ದೇಶದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ಮಳೆಗಾಲ ಬಂತೆಂದರೆ ತಮ್ಮಷ್ಟಕ್ಕೆ ಬಿರಿಯುತ್ತಿದ್ದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯವು ತೇವದೊಂದಿಗೆ ಸೇರಿ, ಬಡಿದು ಗಡುಸಾದ ಹಿತ್ತಾಳೆಯನ್ನು ಸೀಳುತ್ತದೆ ಎಂಬುದು 1921ರ ಹೊತ್ತಿಗೆ ಸ್ಪಷ್ಟವಾಯಿತು. ನಿಮ್ಮ ವಾದ್ಯದ ಬಾಯಿಯೂ ಬಡಿದು ಗಡುಸು ಮಾಡಿದ ಹಿತ್ತಾಳೆಯೇ.

ಪ್ರಶ್ನೆ: ಸ್ಯಾಕ್ಸೊಫೋನ್ ಕೂಡ ಹಿತ್ತಾಳೆಯದೇ. ಆದರೂ ಅದನ್ನು ಬ್ರಾಸ್ ವಾದ್ಯಗಳ ಗುಂಪಿಗೆ ಸೇರಿಸುವುದಿಲ್ಲ ಎನ್ನುತ್ತಾರೆ. ಏಕೆ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ವಾದ್ಯದ ಜಾತಿ ತಿಳಿಯುವುದು ಲೋಹದಿಂದಲ್ಲ, ನಾದ ಹುಟ್ಟುವ ಜಾಗದಿಂದ. ಯುಫೋನಿಯಂ, ಕಾರ್ನೆಟ್, ಟ್ರಂಪೆಟ್‌ಗಳಲ್ಲಿ ವಾದಕನ ತುಟಿಯೇ ಕಂಪಿಸುತ್ತದೆ. ನಮ್ಮ ಕೊಂಬು, ಕಹಳೆಗಳೂ ಇದೇ ಜಾತಿಯವು. ಸ್ಯಾಕ್ಸೊಫೋನಿನಲ್ಲಿ ಕಂಪಿಸುವುದು ಬೆತ್ತದಂಥ ಸಸ್ಯದಿಂದ ಸೀಳಿ ಮಾಡಿದ ನಾಲಗೆ. ಹಾಗಾಗಿ ಅದು ಕ್ಲಾರಿನೆಟ್ಟಿಗೆ ನೆಂಟ, ನಾಗಸ್ವರಕ್ಕೂ ದೂರದ ಸಂಬಂಧಿ. ಮೇಲೆ ಹೇಳಿದ ಅಡಾಲ್ಫ್ ಸ್ಯಾಕ್ಸ್ ಇದಕ್ಕೆ 1846ರಲ್ಲಿ ಪೇಟೆಂಟ್ ಪಡೆದ. ನಾಗಸ್ವರದ ಮನೆತನದಲ್ಲಿ ಬೆಳೆದ ನಿಮ್ಮ ಜಿಲ್ಲೆಯವರೇ ಆದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರತ್ತ ಒಲಿದರು. ನಾಲಗೆ ಕಂಪಿಸುವ ವಾದ್ಯದಿಂದ ನಾಲಗೆ ಕಂಪಿಸುವ ವಾದ್ಯಕ್ಕೆ ಬಂದ ದಾರಿ ಅದು.

ಪ್ರಶ್ನೆ: ಹಳೆಯ ವಸ್ತುಗಳನ್ನು ಮಾರುವ ಒಬ್ಬರಿಂದ ‘ಬೂಸಿ ಅಂಡ್ ಹಾಕ್ಸ್’ ಎಂದು ಬರೆದಿರುವ ಟ್ರಂಪೆಟ್ ಕೊಂಡೆ. ಅದು ಮೀರತ್‌ನ ನಕಲು ಎಂದು ಈಗ ಸ್ನೇಹಿತರು ಹೇಳುತ್ತಿದ್ದಾರೆ. ಪತ್ತೆ ಹಚ್ಚುವುದು ಹೇಗೆ?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಹೆಸರನ್ನು ನಂಬಬೇಡಿ, ಕೆಲಸವನ್ನು ನೋಡಿ. ಮೂಲ ವಾದ್ಯಕ್ಕೆ ಸಂಖ್ಯೆ ಇರುತ್ತದೆ. ಮೂರೂ ಪಿಸ್ಟನ್ನುಗಳಿಗೆ 1, 2, 3 ಎಂದು ಗುರುತು ಹಾಕಿರುತ್ತಾರೆ, ಏಕೆಂದರೆ ಒಂದರ ಪಿಸ್ಟನ್ ಇನ್ನೊಂದರ ಮನೆಗೆ ಹೊಂದುವುದಿಲ್ಲ. ಗಾಳಿ ಸೋರುತ್ತದೆಯೇ ಎಂದು ತಿಳಿಯಲು ಹೀಗೆ ಮಾಡಿ: ಯಾವ ಪಿಸ್ಟನ್ನನ್ನೂ ಒತ್ತದೆ, ಮೊದಲ ಪಿಸ್ಟನ್ನಿನ ಸುರುಳಿಯ ಜಾರುಕೊಳವೆಯನ್ನು ತಟ್ಟನೆ ಹೊರಗೆಳೆಯಿರಿ. ಸೀಸೆಯ ಬಿರಡೆ ತೆಗೆದಂತೆ ‘ಟಪ್’ ಎಂದು ಸದ್ದಾದರೆ ಪಿಸ್ಟನ್ ಬಿಗಿಯಾಗಿದೆ. ಸದ್ದಿಲ್ಲದೆ ಈಚೆ ಬಂದರೆ ಒಂದೋ ತೀರ ಸವೆದಿದೆ, ಇಲ್ಲವೇ ಮೊದಲೇ ಸಡಿಲವಾಗಿತ್ತು. ಕೊಳವೆ ಅಂಟಿಕೊಂಡಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ. ಪಿಸ್ಟನ್ನಿಗೆ ಕೊಬ್ಬರಿ ಎಣ್ಣೆಯನ್ನೂ ಬಿಡಬೇಡಿ. ಚಳಿಗೆ ಹೆಪ್ಪುಗಟ್ಟಿ ಅಂಟಾಗುತ್ತದೆ. ವಾಲ್ವಿಗೆಂದೇ ಸಿಗುವ ತೆಳ್ಳನೆಯ ಎಣ್ಣೆ ಬೇಕು.

ಇಂಗ್ಲೆಂಡಿನ ಹೆಸರು ಹೊಡೆದು ನಕಲು ಮಾರುವುದು ಮೋಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೀರತ್ ಎಂಬುದನ್ನು ನಕಲಿಗೆ ಪರ್ಯಾಯ ಪದದಂತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಸೇನೆಯ ದೊಡ್ಡ ನೆಲೆಯಾಗಿದ್ದ ಆ ಊರಿನ ಜಲಿ ಕೋಠಿಯ ಬೀದಿಗಳಲ್ಲಿ ತಲೆಮಾರುಗಳಿಂದ ಬ್ಯಾಂಡ್ ವಾದ್ಯಗಳ ತಯಾರಿಕೆ ನಡೆದುಬಂದಿದೆ. ದೇಶದುದ್ದಕ್ಕೂ ಮದುವೆಯ ದಿಬ್ಬಣದಲ್ಲಿ ಮೊಳಗುವ ವಾದ್ಯಗಳಲ್ಲಿ ಬಹಳಷ್ಟು ಅಲ್ಲಿಂದ ಬಂದವು, ಇಂಗ್ಲೆಂಡಿನ ವಾದ್ಯದ ಬೆಲೆ ಕನಸಿನಲ್ಲೂ ತೆರಲಾಗದ ಬ್ಯಾಂಡಿನವರ ಜೀವನ ಅವುಗಳಿಂದಲೇ ಸಾಗಿದೆ. ನಿಮ್ಮ ಟ್ರಂಪೆಟ್ ಅಲ್ಲಿಯದೇ ಎಂದು ಗೊತ್ತಾದರೆ ಮಾರಿದವರೊಡನೆ ಬೆಲೆಯ ಜಗಳ ಮಾಡಿ, ವಾದ್ಯವನ್ನು ಮಾತ್ರ ತೆಗಳಬೇಡಿ.

ಪ್ರಶ್ನೆ: ನಮ್ಮ ಮಾವನವರು ಬಿಟ್ಟುಹೋದ ಹಳೆಯ ಇಂಗ್ಲಿಷ್ ಕಾರ್ನೆಟ್ ಚೆನ್ನಾಗಿಯೇ ನುಡಿಯುತ್ತದೆ. ಆದರೆ ಹಾರ್ಮೋನಿಯಂ ಜೊತೆ ಎಂದೂ ಶ್ರುತಿ ಸೇರುವುದಿಲ್ಲ. ಒಂದು ಮನೆಗೆ ಹೆಚ್ಚು, ಮುಂದಿನ ಮನೆಗೆ ಕಡಿಮೆ. ವಾದ್ಯ ಕೆಟ್ಟಿದೆಯೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ. ನಿಮ್ಮ ಕಿವಿ ಬಹಳ ಚೆನ್ನಾಗಿದೆ. ಇಂದು ಶ್ರುತಿಯ ಅಳತೆಗೋಲಾದ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂಬ ಒಪ್ಪಂದವಿದೆ. ಇದಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿದ್ದು 1939ರಲ್ಲಿ. ಅದಕ್ಕೂ ಹಿಂದೆ ಬ್ರಿಟಿಷ್ ಸೇನೆಯ ಬ್ಯಾಂಡುಗಳು ಅದೇ ಸ್ವರವನ್ನು ಸುಮಾರು 452.5 ಕಂಪನಕ್ಕೆ ಏರಿಸಿ ನುಡಿಸುತ್ತಿದ್ದವು. ಇವೆರಡರ ಅಂತರ ಹೆಚ್ಚುಕಡಿಮೆ ಅರ್ಧಸ್ವರದ ಅರ್ಧದಷ್ಟು. ಹಾಗಾಗಿಯೇ ಅದು ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ ಬೀಳುತ್ತಿದೆ. ಸೇನೆಯ ಬ್ಯಾಂಡುಗಳು 1920ರ ದಶಕದ ಕೊನೆಯ ಹೊತ್ತಿಗೆ ಕೆಳಗಿನ ಶ್ರುತಿಗೆ ಬಂದವು. ಇಂಗ್ಲೆಂಡಿನ ಗಣಿ, ಗಿರಣಿಗಳ ಊರಿನ ಬ್ರಾಸ್ ಬ್ಯಾಂಡುಗಳು ಮಾತ್ರ 1960ರ ದಶಕದವರೆಗೂ ಏರುಶ್ರುತಿಯನ್ನು ಬಿಡಲಿಲ್ಲ. ಇದ್ದ ವಾದ್ಯಗಳನ್ನೆಲ್ಲ ಒಟ್ಟಿಗೆ ಬದಲಿಸುವಷ್ಟು ಹಣ ಅವರಲ್ಲಿ ಎಲ್ಲಿತ್ತು?

ಕಾರ್ನೆಟ್ಟಿನ ಕೊಳವೆ ಸುಮಾರು ನಾಲ್ಕೂವರೆ ಅಡಿ. ಶ್ರುತಿ ಇಷ್ಟು ಇಳಿಯಲು ಅದು ಸುಮಾರು ನಾಲ್ಕು ಸೆಂಟಿಮೀಟರ್ ಉದ್ದವಾಗಬೇಕು. ಶ್ರುತಿ ಹೊಂದಿಸುವ ಜಾರುಕೊಳವೆಗೆ ಎರಡು ಕಾಲುಗಳಿರುವುದರಿಂದ ಅದನ್ನು ಎರಡು ಸೆಂಟಿಮೀಟರ್ ಹೊರಗೆಳೆದರೆ ಆಯಿತು. ಅಷ್ಟು ಎಳೆದ ಮೇಲೆ ಪಿಸ್ಟನ್ನುಗಳ ಸುರುಳಿಗಳನ್ನೂ ಅವುಗಳ ಉದ್ದಕ್ಕೆ ತಕ್ಕಂತೆ ತುಸು ತುಸು ಎಳೆಯಬೇಕು. ಮೂರನೆಯದನ್ನು ಹೆಚ್ಚು, ಮೊದಲನೆಯದನ್ನು ಅದಕ್ಕಿಂತ ಕಡಿಮೆ, ಎರಡನೆಯದನ್ನು ಕೂದಲೆಳೆಯಷ್ಟು. ಎರಡು ಸೆಂಟಿಮೀಟರ್ ಎಳೆಯುವಷ್ಟರಲ್ಲಿ ಕೊಳವೆ ಕಳಚಿ ಬರುವಂತಿದ್ದರೆ ಅದಕ್ಕಿಂತ ಉದ್ದದ ಇನ್ನೊಂದು ಜಾರುಕೊಳವೆಯನ್ನು ಬ್ಯಾಂಡ್ ವಾದ್ಯ ರಿಪೇರಿ ಮಾಡುವವರಿಂದ ಮಾಡಿಸಿಕೊಳ್ಳಿ. ಹಳೆಯದನ್ನು ಕತ್ತರಿಸಲು ಬಿಡಬೇಡಿ. ಬಟ್ಟೆಯಲ್ಲಿ ಸುತ್ತಿ ಅದೇ ಪೆಟ್ಟಿಗೆಯಲ್ಲಿ ಇಟ್ಟಿರಿ.